ಕೆರೆಗೆ ಒಂದು ಕಾಲಿಟ್ಟ ಕೆಂಡವ್ವ

ಹೊಸ ಚಾದರದ ಮಡಿಕೆ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಅದು ಗಂಜಿಯದು. ಮಗ್ಗಕ್ಕೆ ಏರುವ ಮೊದಲು ನೂಲಿಗೆ ಕುಡಿಸಿದ ಗಂಜಿ. ಸ್ವಲ್ಪ ಹುಳಿ, ಸ್ವಲ್ಪ ಹಸಿ ಹಿಟ್ಟು, ಅದರ ಹಿಂದೆ ಎಲ್ಲೋ ಒಂದು ಹನಿ ಮಷಿನ್ ಎಣ್ಣೆ. ಹೆಚ್ಚಿನವರು ಅದನ್ನು ಗಮನಿಸುವುದೂ ಇಲ್ಲ. ಅಂಗಡಿಯಿಂದ ತಂದ ದಿನವೇ ಬಕೆಟ್ಟಿನಲ್ಲಿ ನೆನೆಹಾಕಿಬಿಡುತ್ತಾರೆ. ನಾನು ಮೊನ್ನೆ ತಂದ ಬಿಳಿ ಚಾದರವನ್ನು ಕೂಡಲೇ ನೀರಿಗೆ ಹಾಕಲಿಲ್ಲ. ಕೊಲ್ಹಾಪುರದ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ, ಎಲ್ಲರೂ ಹೊರಗೆ ಹೋದ ಮೇಲೆ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಅದರಲ್ಲಿ ಮುಖ ಹುದುಗಿಸಿ ಕೂತಿದ್ದೆ. ಈ ವಯಸ್ಸಿನಲ್ಲಿ ಯಾರಾದರೂ ಕಂಡರೆ ನಗುತ್ತಾರೆ. ಆದರೆ ಒಂದು ಮನೆ ನೆಲಸಮವಾದ ಮೇಲೆ, ಅದರ ಮಂದಿಯೂ ಒಬ್ಬೊಬ್ಬರಾಗಿ ಹೋದ ಮೇಲೆ, ಆ ಮನೆಗೆ ಹೋಗುವ ದಾರಿ ಇಂಥ ಯಾವುದೋ ಬಟ್ಟೆಯ ಮಡಿಕೆಯಲ್ಲಿ ಉಳಿದಿರುತ್ತದೆ. ನಿಮಗೂ ಅಂಥದೊಂದು ಇರಬೇಕು.

ಇಚಲಕರಂಜಿಯ ಆ ಮನೆಯ ಮುಂಭಾಗದಲ್ಲಿ ನಾವಿರುತ್ತಿದ್ದೆವು, ಹಿಂಭಾಗದಲ್ಲಿ ಮಗ್ಗಗಳಿದ್ದವು. ನಡುವೆ ಶಹಾಬಾದಿ ಕಲ್ಲು ಹಾಸಿದ ಅಂಗಳ. ಹಗಲೆಲ್ಲ ಮಗ್ಗಗಳ ಸದ್ದಿನಲ್ಲಿ ತಟ್ಟೆಗಳು ಮಾಡದಲ್ಲಿ ಸಣ್ಣಗೆ ನಡುಗುತ್ತಿದ್ದವು, ಲೋಟದ ನೀರಿನ ಮೇಲೆ ಉಂಗುರ ಏಳುತ್ತಿದ್ದವು. ಕರೆಂಟು ಹೋದರೆ ಮನೆಯವರೆಲ್ಲ ಒಮ್ಮೆಲೇ ತಲೆ ಎತ್ತುತ್ತಿದ್ದರು, ಯಾರೋ ಕರೆದ ಹಾಗೆ. ಅಪ್ಪ ಮತ್ತು ಅವನ ತಮ್ಮ ಕಾಕಾ ಕೂಡಿ ಮಗ್ಗ ನಡೆಸುತ್ತಿದ್ದರು. ಅವ್ವ ಮತ್ತು ಕಾಕಾನ ಹೆಂಡತಿ ಕಾಕು ಅಡಿಗೆಮನೆ ನೋಡಿಕೊಳ್ಳುತ್ತಿದ್ದರು. ಕಾಕಾನ ಮಗಳು ಶಶಿ ನನ್ನ ಓರಗೆಯವಳು. ಇವರೆಲ್ಲರ ನಡುವೆ, ಯಾರಿಗೂ ಸೇರದೆ ಎಲ್ಲರಿಗೂ ಸೇರಿದ್ದವಳು ಅಪ್ಪನ ಅಕ್ಕ, ಚಂಪಾ ಅತ್ತಿ. ಮದುವೆಯಾದ ಹೊಸದರಲ್ಲೇ ಗಂಡ ತೀರಿಕೊಂಡು, ತವರಿಗೆ ಬಂದು, ಬಿಳಿ ಸೀರೆಯುಟ್ಟು ಅಂಗಳದ ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಕೂತವಳು. ಲಾಳಿಯ ಹೊಟ್ಟೆಯಲ್ಲಿ ಕೂರುವ, ನೂಲು ಸುತ್ತಿದ ಗೇಣುದ್ದದ ಕೋಲೇ ಕಂಡಿಕೆ. ನಮ್ಮ ಮಗ್ಗಗಳು ನುಂಗುತ್ತಿದ್ದ ಕಂಡಿಕೆಗಳಲ್ಲಿ ಅತ್ತಿಯ ಕೈಯವೇ ಹೆಚ್ಚು. ಅವಳ ತೋರುಬೆರಳಿನಲ್ಲಿ ನೂಲು ಹರಿದು ಹರಿದು ಒಂದು ಗೆರೆ ಬಿದ್ದಿತ್ತು. ಆ ಗೆರೆಯೊಳಗೆ ನನ್ನ ಉಗುರಿನ ತುದಿ ಸರಿಯಾಗಿ ಕೂರುತ್ತಿತ್ತು.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿದುಬಿಡುತ್ತಿತ್ತು. ಓಣಿಯ ಉಳಿದ ಮನೆಗಳಲ್ಲಿ ಆಗಷ್ಟೇ ಒಲೆ ಹೊತ್ತುವ ಹೊತ್ತಿಗೆ ನಮ್ಮ ಪಾತ್ರೆಗಳು ತೊಳೆದು ಬೋರಲಾಗಿರುತ್ತಿದ್ದವು. ಮಳೆಗಾಲದಲ್ಲಿ ದೀಪಕ್ಕೆ ಹುಳ ಬಂದು ಬೀಳುತ್ತವೆಂದು ಅಂಗಳದ ದೀಪವನ್ನೂ ಹಚ್ಚುತ್ತಿರಲಿಲ್ಲ. ಹೊಟ್ಟೆ ತುಂಬಿ, ನಿದ್ದೆ ಬಾರದೆ, ಬೆಳಕಿಲ್ಲದೆ ಉಳಿದುಬಿಡುವ ಆ ಸಂಜೆಯೇ ಅತ್ತಿಯ ಕತೆಯ ಹೊತ್ತು. ಕಂಡಿಕೆಯ ರಾಟೆ ತಿರುಗುತ್ತ ಇರುತ್ತಿತ್ತು, ಕತೆ ಅದರ ಜೊತೆ ಬಿಚ್ಚಿಕೊಳ್ಳುತ್ತಿತ್ತು. ನೂಲು ಹರಿದರೆ ಕತೆಯೂ ನಿಲ್ಲುತ್ತಿತ್ತು. ಕತ್ತಲಲ್ಲಿ ಬರೀ ಬೆರಳಿನಿಂದ ತುದಿ ಹುಡುಕಿ, ಗಂಟು ಹಾಕಿ, "ಹೂಂ, ಎಲ್ಲಿದ್ವಿ?" ಎಂದು ಕೇಳುತ್ತಿದ್ದಳು. ಎಲ್ಲಿದ್ದೆವೆಂದು ಅವಳಿಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಅದು ಎಲ್ಲಿಯೂ ಬರೆದಿಟ್ಟ ಕತೆಯಲ್ಲ. ಅವಳೇ ಕಟ್ಟಿದ್ದು, ವರ್ಷಗಟ್ಟಲೆ ನಡೆದದ್ದು. ಏಳು ಹೊಳೆಗಳ ಆಚೆ ಒಂದು ಕರಿಗುಡ್ಡ, ಅಲ್ಲಿ ರಾಕ್ಷಸರು, ಮೊದಲು ಮೂವರು, ಆಮೇಲೆ ನಾಲ್ವರು. ಒಬ್ಬ ನುಂಗಪ್ಪ, ಊರಿನ ಕಣಜ, ಬಾವಿ, ಕಡೆಗೆ ಆಕಾಶದ ಚಿಕ್ಕೆಗಳನ್ನೂ ನುಂಗಿ, "ಇನ್ನ ಸ್ವಲ್ಪ ಐತೇನು?" ಎಂದು ಕೇಳುವವನು. ಇನ್ನೊಬ್ಬ ಉಬ್ಬಣ್ಣ, ಯಾರಾದರೂ ಹೊಗಳಿದಾಗ ಒಂದೊಂದು ಗೇಣು ಉಬ್ಬಿ, ತನ್ನ ಮನೆಯ ಬಾಗಿಲಲ್ಲಿ ತಾನೇ ಹಿಡಿಸದೆ ಮಳೆಯಲ್ಲಿ ಹೊರಗೆ ಕೂರುವವನು. ಮೂರನೆಯವಳು ದಿನಕ್ಕೊಂದು ಮುಖ ಹಾಕಿಕೊಂಡು, ತನ್ನದು ಯಾವುದೆಂದು ಮರೆತು, ಕನ್ನಡಿಗೆ ಹೆದರುವ ಮಾಯಿ. ಸಿಟ್ಟು, ಸೊಕ್ಕು, ಕಪಟ, ಆಸೆ ಎಂದು ಬಸದಿಯಲ್ಲಿ ಹೇಳಿಕೊಡುತ್ತಿದ್ದದ್ದನ್ನೇ ಅತ್ತಿ ಹೀಗೆ ಕೈಕಾಲು ಕೊಟ್ಟು ನಡೆಸುತ್ತಿದ್ದಳೆಂದು ನನಗೆ ಹೊಳೆದದ್ದು ತೀರ ತಡವಾಗಿ. ಆಗ ನಮಗೆ ಅವರು ಗುರುತಿನ ಮಂದಿ. ಮಗ್ಗ ರಿಪೇರಿಗೆ ಬರುತ್ತಿದ್ದ ಮೀಸೆಯ ಜಾಬರ್‌ನೇ ಉಬ್ಬಣ್ಣನೆಂದು ನಾನೂ ಶಶಿಯೂ ಆಣೆ ಮಾಡಿ ಹೇಳುತ್ತಿದ್ದೆವು. ಅತ್ತಿಯ ಒಳ್ಳೆಯವರೂ ಪೂರಾ ಒಳ್ಳೆಯವರಾಗಿರುತ್ತಿರಲಿಲ್ಲ. ಸುಳ್ಳೇ ಹೇಳದ ಒಬ್ಬ ಸಿಪಾಯಿ ಇದ್ದ. ಅಡಗಿ ಕೂತವರನ್ನು ವೈರಿಗೆ ತೋರಿಸಿಕೊಟ್ಟುಬಿಟ್ಟ, ಯಾಕೆಂದರೆ ಅವರೆಲ್ಲಿ ಎಂದು ವೈರಿ ಕೇಳಿದ, ಇವನಿಗೆ ಸುಳ್ಳು ಬರುವುದಿಲ್ಲ.

ಆ ಕತೆಯಲ್ಲಿ ಯಾರನ್ನೂ ಕೊಲ್ಲುವಂತಿರಲಿಲ್ಲ. ನಾನು ಕಾನ್ವೆಂಟಿಗೆ ಹೋಗುತ್ತಿದ್ದೆ. ಅಲ್ಲಿ ಸಿಸ್ಟರ್ ಓದಿ ತೋರಿಸುತ್ತಿದ್ದ ಕತೆಗಳಲ್ಲಿ ಕುದುರೆಯ ಮೇಲೆ ಬಂದ ರಾಜಕುಮಾರ ಬೆಂಕಿ ಉಗುಳುವ ಸರ್ಪದ ತಲೆಯನ್ನು ಒಂದೇ ಏಟಿಗೆ ಹಾರಿಸುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೆವು. ಒಂದು ಸಂಜೆ ಅದನ್ನು ಬಂದು ಅತ್ತಿಗೆ ಹೇಳಿದೆ. "ಅತ್ತಿ, ನಿನ್ನ ನುಂಗಪ್ಪನ್ನೂ ಹಂಗ ಕೊಂದ್ಬಿಡು. ಮುಗದ ಹೋತಲ್ಲ!" ಅತ್ತಿ ರಾಟೆ ನಿಲ್ಲಿಸಿ ಎರಡೂ ಕಿವಿ ಮುಟ್ಟಿಕೊಂಡಳು. "ಅಯ್ಯ ನನ್ನವ್ವಾ, ಸಾಲ್ಯಾಗ ಇದನ್ನ ಕಲಸ್ತಾರೇನ? ನಮ್ಮ ಮನ್ಯಾಗ ಕೊಲ್ಲೂದಿಲ್ಲವಾ. ಬಾಯಿಲೆ ಸುದ್ದಾ ಕೊಲ್ಲೂದಿಲ್ಲ. ಕೊಲ್ಲಲಾರದ ಹೆಂಗ ಮುಗಸೂದು ಅನ್ನೂದ ಕತಿ." ಒಳಗಿನಿಂದ ಕಾಕಾ, "ಹಂಗಾದ್ರ ನಿನ್ನ ಕತಿ ನಮ್ಮ ಮುನಸಿಪಾಲ್ಟಿ ಗಟಾರ ಇದ್ದಂಗ ಬಿಡ ಅಕ್ಕಾ, ಎಂದೂ ಮುಗ್ಯಾಂಗಿಲ್ಲ" ಎಂದ. ಅತ್ತಿ ಎಲ್ಲರಿಗಿಂತ ಹೆಚ್ಚು ನಕ್ಕಳು.

ನಾಲ್ಕನೆಯ ರಾಕ್ಷಸಿ ಬಂದದ್ದು ಒಂದು ಸಕ್ಕರೆಯ ಗಿಳಿಯಿಂದ. ಪಕ್ಕದ ಲಿಂಗವಂತರ ಮನೆಯವರು ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಎರೆದು ಓಣಿಗೆಲ್ಲ ಹಂಚುತ್ತಿದ್ದರು. ತಟ್ಟೆಯಲ್ಲಿ ಆನೆ, ಗಿಳಿ, ಒಂಟೆ, ಗೋಪುರ, ಕಮಲ, ಕೆಂಪು ಹಳದಿ ಬಣ್ಣ. ನಮ್ಮ ಮನೆಯಲ್ಲಿ ಪ್ರಾಣಿಯ ಆಕಾರದ್ದನ್ನು ತಿನ್ನುವಂತಿರಲಿಲ್ಲ. ಸಕ್ಕರೆಯದೇ ಆಗಲಿ, ಹಿಟ್ಟಿನದೇ ಆಗಲಿ, ಆನೆಯೆಂದು ಅಂದುಕೊಂಡು ಕಚ್ಚಿದರೆ ಆನೆಯನ್ನು ಕಚ್ಚಿದ ಪಾಪವೇ. ಅತ್ತಿ ಗೋಪುರ, ಕಮಲ ಆರಿಸಿ ನಮಗೆ ಕೊಟ್ಟು, ಪ್ರಾಣಿಗಳನ್ನು ಬೇರೆ ಮಕ್ಕಳಿಗೆ ಕಳಿಸಿಬಿಡುತ್ತಿದ್ದಳು. ಆ ವರ್ಷ ಶಶಿಯ ಪಾಲಿಗೆ ಒಂದು ಮುರುಕು ಗೋಪುರ ಬಂತು. ಅವಳು ನೋಡಿದಳು. ತಟ್ಟೆಯಿಂದ ಹಸಿರು ಗಿಳಿಯೊಂದನ್ನು ತೆಗೆದಳು. ಎಲ್ಲರ ಕಣ್ಣೆದುರು ಅದರ ಕುತ್ತಿಗೆಯನ್ನು ಹಲ್ಲಿನಲ್ಲಿಟ್ಟು ಲಟಕ್ಕೆಂದು ಮುರಿದಳು. ಆ ಸದ್ದು ಮಗ್ಗದ ಸದ್ದಿನಲ್ಲೂ ಕೇಳಿಸಿತು. "ರಾಕ್ಷಸಿ!" ಎಂದು ಕಾಕು ಚೀರಿದಳು. "ನನ್ನ ಹೊಟ್ಯಾಗ ರಾಕ್ಷಸಿ ಹುಟ್ಟೇತಿ!" ಶಶಿ ತುಂಬ ಸಿಟ್ಟಿನವಳು, ಅದು ನಿಜ. ನನ್ನ ಜೊತೆ ಅವಳನ್ನೂ ಕಾನ್ವೆಂಟಿಗೆ ಹಾಕಿದ್ದರು. ಯಾವುದೋ ಹುಡುಗಿಯ ತೋಳು ಕಚ್ಚಿದ್ದಕ್ಕೆ ಬಿಡಿಸಿ ಓಣಿಯ ಶಾಲೆಗೆ ಕಳಿಸಿದರು. ಆದರೆ ಅವಳ ಸಿಟ್ಟು ಇಳಿದ ಮೇಲಿನ ಮುಖವನ್ನು ನಾನು ನೋಡಿದ್ದೆ. ಆಗ ಅವಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಕೂರುತ್ತಿದ್ದಳು, ಅವು ಬೇರೆ ಯಾರದೋ ಎಂಬಂತೆ.

ಆ ಸಂಜೆ ಕರಿಗುಡ್ಡದಲ್ಲಿ ಕೆಂಡವ್ವ ಹುಟ್ಟಿದಳು. ಅವಳ ಉಸಿರೇ ಬೆಂಕಿ. ಮುಟ್ಟಿದ್ದೆಲ್ಲ ಸುಡುತ್ತಿತ್ತು. ಕೋಳಿಮರಿಯೊಂದನ್ನು ಅಂಗೈಯಲ್ಲಿ ಇಟ್ಟುಕೊಳ್ಳಬೇಕೆಂಬುದು ಅವಳ ಒಂದೇ ಆಸೆ. ಆದರೆ ಮರಿ ಸುಟ್ಟೀತೆಂದು ದೂರದ ಬಂಡೆಯ ಮೇಲೆ ಕೂತು, ಕೈ ಹಿಂದೆ ಕಟ್ಟಿಕೊಂಡು, ಅದು ಕಾಳು ಹೆಕ್ಕುವುದನ್ನು ನೋಡುತ್ತಿದ್ದಳು. ಕತ್ತಲಲ್ಲಿ ಶಶಿ ನನ್ನ ಪಕ್ಕದಿಂದ ಎದ್ದು ಹೋಗಿ ಅತ್ತಿಯ ಮೊಣಕಾಲಿಗೆ ಹತ್ತಿ ಕೂತದ್ದು ನನಗೆ ಗೊತ್ತಾಯಿತು.

"ಅಕಿ ನಾನ ಹೌದಲ್ಲ ಅತ್ತಿ?"

"ಅಕಿ ಅಕಿನ, ನೀ ನೀನ. ಆದ್ರ ಅಕಿ ಏನೇನ್ ಮಾಡ್ತಾಳ, ನೋಡ್ಕೋತ ಇರು."

"ಕಡೀಕ ತಣ್ಣಗ ಆಗ್ತಾಳೇನ?"

"ತಡಿ ಹುಡುಗಿ. ನೂಲ ಎಳದ್ರ ಹರೀತೈತಿ."

ಕೆಂಡವ್ವ ಗುಡ್ಡ ಇಳಿದು ನಡೆಯತೊಡಗಿದಳು. ಏಳೂ ಹೊಳೆಗಳನ್ನು ದಾಟಿ ಈಚೆ ಬಂದರೆ ಒಂದು ತಣ್ಣನೆಯ ಕೆರೆ ಇದೆ, ಅದರಲ್ಲಿ ಮುಳುಗಿ ಎದ್ದರೆ ಉಸಿರು ಆರುತ್ತದೆ, ರಾಕ್ಷಸಿ ಹೆಂಗಸಾಗುತ್ತಾಳೆ. ಆದರೆ ಅವಳು ಕಾಲಿಟ್ಟ ಹೊಳೆಯೆಲ್ಲ ಕುದ್ದು ಹಬೆಯಾಗಿ, ದಾಟುವ ಮೊದಲೇ ದಂಡೆಯ ಮಂದಿ ಕಲ್ಲು ತೂರಿ ಓಡಿಸುತ್ತಿದ್ದರು. ಒಂದೊಂದು ಹೊಳೆಗೆ ಒಂದೊಂದು ಮಳೆಗಾಲ ಹಿಡಿಯಿತು. ಒಂದನ್ನು ದಾಟಲು ಬೈಗುಳ ನುಂಗುವುದನ್ನು ಕಲಿತಳು. ಇನ್ನೊಂದನ್ನು ದಾಟಲು, ತಾನು ಸುಟ್ಟವರ ಹೆಸರುಗಳನ್ನೆಲ್ಲ ದಂಡೆಯಲ್ಲಿ ನಿಂತು ಗಟ್ಟಿಯಾಗಿ ಹೇಳಬೇಕಾಯಿತು. ಶಶಿ ಅದನ್ನೆಲ್ಲ ಬಾಯಿ ತೆರೆದು ಕೇಳುತ್ತಿದ್ದಳು. ಮರುದಿನ ಹಲ್ಲು ಕಚ್ಚಿಕೊಂಡು ಒಂದು ಬೈಗುಳ ನುಂಗುತ್ತಿದ್ದಳು. ನುಂಗುವಾಗ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನು ನೋಡಿದ್ದೇನೆ. ಆದರೆ ಮನೆಯವರಿಗೆ ಕಂಡದ್ದು ಹೆಸರು ಮಾತ್ರ. "ಏ ಕೆಂಡವ್ವ, ನೀರ ತಾ. ಕೆಂಡವ್ವ ಬಂದ್ಲು, ಹಾಸಿಗಿ ಸುಟ್ಟಾವ, ಸರೀರಿ." ಮಗ್ಗದ ಕೆಲಸದವರೂ ಹಾಗೇ ಕರೆಯತೊಡಗಿದರು. ಮೀಸೆಯ ಜಾಬರ್ ಒಮ್ಮೆ ಬೀಡಿ ಚಾಚಿ, "ಶಶೀಬಾಯಿ, ಒಂದ ಫೂಂಕ ಹೊಡೀರಿ, ಹತ್ತತೈತಿ" ಎಂದ. ಬೇರೆ ದಿನವಾಗಿದ್ದರೆ ಅವಳು ಅವನ ಮೇಲೆ ಸ್ಪ್ಯಾನರ್ ಬೀಸುತ್ತಿದ್ದಳು. ಅವತ್ತು ನನ್ನ ಕಿವಿಯಲ್ಲಿ ಹೇಳಿದಳು, "ಅನ್ಲಿ. ಐದನೇ ಹೊಳಿ ದಾಟ್ಯಾಳ ಅಕಿ."

ಅತ್ತಿ ಮಾತಿಗೆ ತಪ್ಪುವವಳಲ್ಲ ಎಂಬುದರ ಮೇಲೆ ಆ ಹುಡುಗಿ ತನ್ನನ್ನು ಪೂರಾ ಇಟ್ಟುಬಿಟ್ಟಿದ್ದಳು.

ನಾವು ದೊಡ್ಡವರಾಗುತ್ತಿದ್ದ ಹೊತ್ತಿನ ಒಂದು ಆಷಾಢದಲ್ಲಿ ಕೆಂಡವ್ವ ಕಡೆಯ ಹೊಳೆಯನ್ನೂ ದಾಟಿದಳು. ಮೆಟ್ಟಿಲು ಇಳಿದಳು. ಕೆರೆಯ ಮೇಲೆ ಮಂಜು, ನೀರು ಕಪ್ಪಗೆ, ಅಲೆಯಿಲ್ಲದೆ. ಒಂದು ಕಾಲು ನೀರಿಗೆ ಇಟ್ಟಳು. ಸುಂಯ್ ಎಂದು ಸದ್ದಾಯಿತು. ಆ ಸದ್ದನ್ನು ಅತ್ತಿ ಬಾಯಿಯಿಂದಲೇ ಮಾಡಿದಳು. ಬಿಸಿ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ. ಆಮೇಲೆ ರಾಟೆ ನಿಲ್ಲಿಸಿದಳು. "ಉಳದದ್ದ ನಾಳಿಗಿ. ನಾಳೆ ಮುನಿ ಮಹಾರಾಜರು ಬರ್ತಾರ, ಲಗೂ ಏಳಬೇಕು." ಶಶಿ ಹಟ ಮಾಡಲಿಲ್ಲ. ಅಷ್ಟು ವರ್ಷ ಕಾದವಳಿಗೆ ಒಂದು ನಾಳೆ ದೊಡ್ಡದಲ್ಲ.

ಮರುದಿನ ಚಾತುರ್ಮಾಸಕ್ಕೆಂದು ಮುನಿಗಳು ಊರಿಗೆ ಬಂದರು. ಬಸದಿಯ ಮುಂದಿನ ಮಂಟಪದಲ್ಲಿ ಪ್ರವಚನ. ಒದ್ದೆ ಛತ್ರಿಗಳ ವಾಸನೆ, ಹೆಂಗಸರ ಮಲ್ಲಿಗೆ, ನೆಲಕ್ಕೆ ಹಾಸಿದ ಟಾರ್ಪಾಲಿನ ಕೆಳಗೆ ಸಣ್ಣಗೆ ಹರಿಯುವ ನೀರು. ಅವತ್ತಿನ ಮಾತು ತ್ಯಾಗದ ಮೇಲೆ. "ಬ್ಯಾಡಾದದ್ದನ್ನ ಬಿಟ್ರ ಅದು ತ್ಯಾಗ ಅಲ್ಲ, ಕಸ ಹೊರಗ ಹಾಕಿದಂಗ" ಎಂದರು. ಎಲ್ಲರೂ ನಕ್ಕರು. ಕಡೆಯಲ್ಲಿ ರೂಢಿಯಂತೆ ಹೆಂಗಸರು ಸಾಲಾಗಿ ಹೋಗಿ ಕೈ ಮುಗಿದು, ಏನಾದರೊಂದನ್ನು ಬಿಡುವ ನೇಮ ಹಿಡಿಯತೊಡಗಿದರು. ಅವ್ವ ಪೇಢೆ ಬಿಟ್ಟಳು, ನಾಲ್ಕು ತಿಂಗಳಿಗೆ. ಕಾಕು ಹಲಸಿನ ಹಣ್ಣು ಬಿಟ್ಟಳು, ಜೀವಮಾನಕ್ಕೆ. ನಮ್ಮ ಕಡೆ ಹಲಸು ಬೆಳೆಯುವುದೇ ಇಲ್ಲ. ಶಶಿ ನನ್ನ ಪಕ್ಕೆಗೆ ತಿವಿದಳು. ನಾವಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿರುವಾಗ ಅತ್ತಿಯ ಸರದಿ ಬಂತು. ಅವಳು ಮೊಣಕಾಲೂರಿ ಕೂತಳು. ತನಗೆ ಯಾವುದು ಬಹಳ ಪ್ರೀತಿಯೆಂದು ಹುಡುಕುತ್ತಿದ್ದಳೇನೋ. ಅವಳು ಊಟದಲ್ಲಿ ಬಿಡಬಹುದಾದ್ದನ್ನೆಲ್ಲ ಎಂದೋ ಬಿಟ್ಟಿದ್ದಳು. ಬಣ್ಣದ ಸೀರೆ, ಹೂವು, ಬಳೆ ಬಿಡಿಸಿದ್ದರು.

"ಮಹಾರಾಜರ, ನಂಗ ಕತಿ ಹೇಳೂದಂದ್ರ ಭಾಳ ಪ್ರೀತಿ," ಎಂದಳು. "ರಾಜಾ, ರಾಕ್ಷಸರ ವಿಕಥಾ ಬಿಟ್ಟೆ. ಜೀವ ಇರೂತನಕ."

ಧರ್ಮಕ್ಕೆ ಸೇರದ ಕತೆಗೆ ಬಸದಿಯಲ್ಲಿ ವಿಕಥಾ ಎನ್ನುತ್ತಾರೆ. ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಹೆಂಗಸರ ಸಾಲಿನಲ್ಲಿ ಒಂದು ಉಸಿರು ಹಾದುಹೋಯಿತು. "ಇದು ಖರೇ ತ್ಯಾಗ ನೋಡವಾ, ಚಂಪಕ್ಕಂದು" ಎಂದು ಯಾರೋ ಅಂದರು. ನನ್ನ ಮುಂಗೈ ಉರಿಯಿತು. ಶಶಿ ಅದನ್ನು ಹಿಡಿದುಕೊಂಡಿದ್ದಳು. ಅವಳ ಉಗುರುಗಳ ಗುರುತು ಅರ್ಧಚಂದ್ರದ ಹಾಗೆ ಸಾಲಾಗಿ ಮೂಡಿದ್ದವು.

ಆ ಸಂಜೆಯೂ ಊಟ ಮುಗಿಯಿತು, ಪಾತ್ರೆ ಬೋರಲಾದವು, ಅತ್ತಿ ರಾಟೆಯ ಮುಂದೆ ಕೂತಳು. ನಾವೂ ಕೂತೆವು, ಬೇರೇನು ಮಾಡಬೇಕೆಂದು ತಿಳಿಯದೆ. ಚಕ್ರ ತಿರುಗಿತು. ಅತ್ತಿಯ ತುಟಿಗಳು ಮಾತ್ರ ಸಣ್ಣಗೆ ಆಡುತ್ತಿದ್ದವು, ಣಮೋಕಾರ ಮಂತ್ರಕ್ಕೆ.

"ಕೆಂಡವ್ವ ಏನಾದ್ಲು?" ಎಂದಳು ಶಶಿ.

"ನೇಮ ಆಗೇತಿ, ಮಗಳ."

"ಕತಿ ಬ್ಯಾಡ. ಒಂದ ಮಾತ ಹೇಳು. ತಣ್ಣಗಾದ್ಲೊ ಇಲ್ಲೊ? ಹೂಂ ಅನ್ನು, ಇಲ್ಲಾ ಊಂಹೂಂ ಅನ್ನು. ಮುಂದ ಎಂದೂ ಕೇಳೂದಿಲ್ಲ."

ರಾಟೆ ನಿಂತಿತು. ನೂಲು ಹರಿದಿತ್ತು. ಅತ್ತಿ ತುದಿ ಹುಡುಕಿದಳು. ಬಹಳ ಹೊತ್ತು ಸಿಗಲಿಲ್ಲ. "ಹೂಂ ಅಂದ್ರೂ ಕತಿನ," ಎಂದಳು ಕಡೆಗೆ, "ಊಂಹೂಂ ಅಂದ್ರೂ ಕತಿನ."

ಶಶಿ ಎದ್ದಳು. ತುಂಬಿದ ಕಂಡಿಕೆಗಳ ಬುಟ್ಟಿಗೆ ಒದ್ದಳು. ಅವು ಕಲ್ಲಿನ ಮೇಲೆ ಉರುಳಿ, ಮಳೆನೀರಿಗೆ ಬಿದ್ದು, ಒಂದಕ್ಕೊಂದು ತೊಡಕಿಕೊಂಡವು. ಗದ್ದಲಕ್ಕೆ ಕಾಕು ಲಾಟೀನು ಹಿಡಿದು ಹೊರಗೆ ಬಂದಳು. "ನೋಡ್ರಿ ಕೆಂಡವ್ವನ ಆಟ!" ಎಂದಳು. ಕೆಲಸದವರು ಷೆಡ್ಡಿನ ಬಾಗಿಲಿಗೆ ಬಂದು ನಕ್ಕರು. ಅತ್ತಿ ಕೂತು, ಒದ್ದೆ ನೂಲನ್ನು ಎಳೆ ಎಳೆಯಾಗಿ ಬಿಡಿಸತೊಡಗಿದಳು. ಹೇಳಿದ್ದರೆ ನೇಮ ಮುರಿಯುತ್ತಿತ್ತು. ಅಷ್ಟೇ. ಅತ್ತಿ ಕೆಟ್ಟವಳಾಗಿರಲಿಲ್ಲ. ಅವಳ ಕತೆಯಲ್ಲಿ ಸಿಟ್ಟಿಗೊಂದು ಮುಖವಿತ್ತು, ಆಸೆಗೊಂದು ಹೊಟ್ಟೆಯಿತ್ತು, ಸುಳ್ಳಾಡದ ಸಿಪಾಯಿಯೂ ಇದ್ದ. ಅವನನ್ನು ಕಟ್ಟಿದವಳಿಗೆ, ತನ್ನ ಒಳ್ಳೆಯತನವೂ ಯಾರನ್ನೋ ಹಾಗೆ ಹೊರಗೆ ಬಿಟ್ಟುಕೊಡಬಹುದೆಂದು ಹೊಳೆಯಲಿಲ್ಲ. ಅಥವಾ ಹೊಳೆದಿತ್ತೋ ಏನೋ. ಆಮೇಲೆ ಅವಳು ಶಶಿ ಇದ್ದಾಗ ತಲೆ ಎತ್ತಿ ನೂಲು ಸುತ್ತಿದ್ದನ್ನು ನಾನು ಕಾಣೆ.

ಕೆಲವು ದಿನ ನೋಡಿ ನಾನೇ ಒಂದು ಮುಕ್ತಾಯ ಕಟ್ಟಿದೆ. ಕೆಂಡವ್ವ ಮುಳುಗಿ ಎದ್ದಳು, ಕೋಳಿಮರಿ ಬಂದು ಅಂಗೈಯಲ್ಲಿ ಕೂತಿತು. ಶಶಿ ಪೂರಾ ಕೇಳಿಸಿಕೊಂಡಳು. "ಛಂದ ಐತಿ," ಎಂದಳು. "ಆದ್ರ ಇದು ನಿನ್ನ ಕತಿ, ಮಾಲು. ಅಕಿ ನಡದ ಬಂದದ್ದು ಅತ್ತಿ ಕತ್ಯಾಗ." ನಾನು ಮತ್ತೆ ಕಟ್ಟಲಿಲ್ಲ.

ಶಶಿಯನ್ನು ಗಡಹಿಂಗ್ಲಜಕ್ಕೆ ಕೊಟ್ಟರು. ಒಳ್ಳೆಯ ಮನೆ, ಕಬ್ಬಿನ ಹೊಲ, ಪೇಟೆಯಲ್ಲಿ ಕಿರಾಣಿ ಅಂಗಡಿ. ಬೀಗರು ಊಟಕ್ಕೆ ಕೂತಾಗ ಕಾಕು ಬಡಿಸುತ್ತ, ನಗುತ್ತ, "ನಮ್ಮ ಹುಡುಗಿ ಜರಾ ಕೆಂಡವ್ವ ರೀ. ನೀವ ತಣ್ಣಗ ಮಾಡ್ಕೋಬೇಕು" ಎಂದಳು. ಎಲ್ಲ ತಾಯಂದಿರೂ ಆಡುವ ಮಾತು. ಪಂಕ್ತಿಯೆಲ್ಲ ನಕ್ಕಿತು. "ಘಾಬರೂ ನಕಾ, ಆಮಚ್ಯಾಕಡೇ ನದೀ ಆಹೇ" ಎಂದು ಬೀಗರ ಕಡೆಯ ಮುದುಕರೊಬ್ಬರು ಮರಾಠಿಯಲ್ಲಿ ಧೈರ್ಯ ಹೇಳಿದರು: ಹೆದರಬೇಡಿ, ನಮ್ಮಲ್ಲಿ ಹೊಳೆ ಇದೆ. ಮತ್ತೊಮ್ಮೆ ನಗು. ಬಾಸಿಂಗ ಕಟ್ಟಿಕೊಂಡು ಒಳಗೆ ಕೂತಿದ್ದ ಶಶಿಗೆ ಎಲ್ಲ ಕೇಳಿಸುತ್ತಿತ್ತು. ನಾನು ಅವಳ ಪಕ್ಕದಲ್ಲಿದ್ದೆ. ಅವಳ ಗಂಟಲು ಮೇಲೆ ಕೆಳಗೆ ಆಡಿತು. ಹೆಸರು ಅವಳಿಗಿಂತ ಮೊದಲೇ ಗಡಹಿಂಗ್ಲಜದ ಬಸ್ಸು ಹತ್ತಿತ್ತು.

ಅವಳಿಗೆ ಮಗ ಹುಟ್ಟಿ ಒಂದೆರಡು ವರ್ಷದ ಮೇಲೆ ನಾನು ಅಲ್ಲಿಗೆ ಹೋಗಿದ್ದೆ. ಹಿತ್ತಲಲ್ಲಿ ಅವಳ ನೆಗೆಣ್ಣಿ, ಅಂದರೆ ಓರಗಿತ್ತಿ, ಮಗುವಿಗೆ ಎರೆಯುತ್ತಿದ್ದಳು. ಹಂಡೆಯ ಹೊಗೆ, ಕಡಲೆ ಹಿಟ್ಟಿನ ಪರಿಮಳ, ಮಗುವಿನ ಕೇಕೆ. ಶಶಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಕೈ ಹಿಂದೆ ಕಟ್ಟಿಕೊಂಡು. ಆ ನಿಲುವನ್ನು ನಾನು ಎಲ್ಲಿ ಕೇಳಿದ್ದೆನೆಂದು ಥಟ್ಟನೆ ನೆನಪಾಯಿತು. "ನೀ ಯಾಕ ಎರ್ಯಾಂಗಿಲ್ಲ?" ಎಂದೆ. ಒಮ್ಮೆ ಮಗು ಹಟ ಮಾಡುತ್ತಿದ್ದಾಗ ಕೆನ್ನೆಗೆ ಹೊಡೆದುಬಿಟ್ಟಳಂತೆ. ಐದೂ ಬೆರಳು ಮೂಡಿದ್ದವಂತೆ. ಯಾವ ತಾಯಿ ಹೊಡೆದಿಲ್ಲ ಹೇಳಿ. ಆದರೆ ಅವಳ ಗಂಡನ ತಾಯಿ, "ಹೆಸರ ಇಟ್ಟವರು ಸುಳ್ಳ ಇಟ್ಟಾರೇನು?" ಎಂದಳಂತೆ. "ನನ್ನ ಕೈ ಬಿಸಿ ಅದಾವ ಮಾಲು," ಎಂದಳು ಶಶಿ, ಜ್ವರ ಬಂದಿದೆ ಎನ್ನುವಷ್ಟು ಸಾದಾ ದನಿಯಲ್ಲಿ. "ದೂರ ಇದ್ರ ಛಲೊ." ನಾನು ಅವಳ ಕೈ ಹಿಡಿದು ನೋಡಿದೆ. ಪಾತ್ರೆ ತೊಳೆದು ಬಂದಿದ್ದಳು. ಬಾವಿಯ ಕಲ್ಲಿನಷ್ಟು ತಣ್ಣಗಿದ್ದವು. "ಹುಚ್ಚಿ, ಐಸ್ ಇದ್ದಂಗ ಅದಾವ" ಎಂದೆ. "ಹೊರಗಿಂದ," ಎಂದಳು.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ, ಮೋಟಾರ್‌ಸೈಕಲ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ, ಒಳ್ಳೆಯವನು. ನೆಗೆಣ್ಣಿಯನ್ನು ಮರಾಠಿಯಲ್ಲಿ ಆಯಿ, ಅವ್ವ, ಎನ್ನುತ್ತಾನೆ. ಶಶಿಗೆ "ತುಮ್ಹೀ", ನೀವು, ಎನ್ನುತ್ತಾನೆ, ಗೌರವದಿಂದ.

ಇತ್ತ ಇಚಲಕರಂಜಿಯ ಮನೆಯೂ ಸವೆಯುತ್ತ ಬಂತು. ಹೊಸ ನಮೂನೆಯ ಮಗ್ಗಗಳು ಬಂದವು. ಅವಕ್ಕೆ ಲಾಳಿ ಬೇಡ, ಕಂಡಿಕೆಯೂ ಬೇಡ. ಅಪ್ಪ ಹೋದ, ಕಾಕಾ ಹೋದ, ಅವ್ವ ನನ್ನ ಮಡಿಲಲ್ಲಿ ಹೋದಳು. ಒಂದು ದಿನ ನಮ್ಮ ಮಗ್ಗಗಳನ್ನು ಗುಜರಿಗೆ ಹಾಕಿದರು. ಶಿರೋಳಿಯ ಫೌಂಡ್ರಿಗಳ ಕಡೆ ಹೋಗುವ ಟೆಂಪೋಗಳಲ್ಲಿ ಅವನ್ನು ಕಾಲು ಮೇಲೆ ಮಾಡಿ ಒಟ್ಟಿ ಒಯ್ದರು, ಕಾಯಿಸಿ ಕರಗಿಸಲು. ಅಂಗಳದ ಕಲ್ಲಿನಲ್ಲಿ ಎಣ್ಣೆಯ ಕಲೆಗಳು ಉಳಿದವು. ಅತ್ತಿ ಮಾತ್ರ ಆ ಖಾಲಿ ಷೆಡ್ಡಿಗೆ ಮುಖ ಮಾಡಿ ಹೊರಸಿನ ಮೇಲೆ ಮಲಗಿರುತ್ತಿದ್ದಳು, ಸದ್ದು ಮತ್ತೆ ಶುರುವಾದೀತೆಂದು ಕಾಯುವವಳ ಹಾಗೆ. ಅಷ್ಟೂ ವರ್ಷ ಒಂದು ರಾಜನ ಹೆಸರನ್ನೂ ಅವಳು ಎತ್ತಿರಲಿಲ್ಲ. ನಮ್ಮ ಮಕ್ಕಳು, ಮೊಮ್ಮಕ್ಕಳು ಸುತ್ತ ಕೂತು ಕತೆ ಕೇಳಿದರೆ ತಲೆ ಸವರಿ ಕಳಿಸಿಬಿಡುತ್ತಿದ್ದಳು. ಊರಲ್ಲಿ ಅವಳ ನೇಮವನ್ನು ಉದಾಹರಣೆಗೆ ಹೇಳುತ್ತಿದ್ದರು.

ಅವಳ ಕಡೆಯ ದಿನ ಮಧ್ಯಾಹ್ನ ನಾವೆಲ್ಲ ಇದ್ದೆವು. ಬಿಸಿಲು ಷೆಡ್ಡಿನ ತಗಡಿನ ತೂತುಗಳಿಂದ ಇಳಿದು ಖಾಲಿ ನೆಲದ ಮೇಲೆ ನಾಣ್ಯಗಳಂತೆ ಬಿದ್ದಿತ್ತು. ಗಡಹಿಂಗ್ಲಜದಿಂದ ಶಶಿ ಬಂದಳು. ಚೀಲವನ್ನೂ ಇಳಿಸದೆ ಹೊರಸಿನ ಹತ್ತಿರ ಹೋಗಿ ನೆಲಕ್ಕೆ ಕೂತಳು. ಅತ್ತಿಯ ಕಣ್ಣು ಅವಳ ಗುರುತು ಹಿಡಿದವು. ಅದರಲ್ಲಿ ನನಗೆ ಸಂಶಯವಿಲ್ಲ. ಗೋಡೆಗೆ ಒರಗಿದ್ದ ಕಾಕು, ತಾನೂ ಹಣ್ಣಾಗಿದ್ದವಳು, ನಡುಗುವ ದನಿಯಲ್ಲಿ ಹೇಳಿದಳು, "ಏ ಶಶಿ. ಅಕಿ ನೇಮ ಗಂಟ ಕಟ್ಕೊಂಡ ಹೊಂಟಾಳ. ಕಡೀ ಗಳಿಗ್ಯಾಗ ಕೆಡಸಬ್ಯಾಡ."

"ಕೆಡಸೂದಿಲ್ಲವಾ," ಎಂದಳು ಶಶಿ. "ನಾ ಏನೂ ಕೇಳೂದಿಲ್ಲ. ಸುಮ್ಮನ ಕೂಡ್ತೇನಿ."

ಸ್ವಲ್ಪ ಹೊತ್ತಿಗೆ ಅತ್ತಿಯ ತುಟಿಗಳು ಆಡಿದವು. ಶಶಿ ಬಗ್ಗಿ ತನ್ನ ಕಿವಿಯನ್ನು ಆ ಬಾಯಿಗೆ ಹಚ್ಚಿದಳು. ನಾವೆಲ್ಲ ಉಸಿರು ಹಿಡಿದೆವು, ಕಾಕು ಕೂಡ. ಆಮೇಲೆ ಶಶಿಯ ತುಟಿಗಳೂ ಅದರ ಜೊತೆ ಆಡತೊಡಗಿದ್ದನ್ನು ನೋಡಿ ಅದು ಣಮೋಕಾರವೆಂದು ನಮಗೆ ತಿಳಿಯಿತು. ಮಂತ್ರ ಮುಗಿಯಿತು. ಅತ್ತಿಯ ಬಾಯಿ ತೆರೆದೇ ಇತ್ತು. ಶಶಿ ಕಿವಿ ತೆಗೆಯಲಿಲ್ಲ. ಮಂತ್ರದ ಹಿಂದೆ ಇನ್ನೇನಾದರೂ ಬಂದೀತೆಂದು, ಒಂದು ಹೂಂ, ಒಂದು ಊಂಹೂಂ, ಹಾಗೇ ಬಗ್ಗಿಕೊಂಡಿದ್ದಳು. ನಾನು ಹೋಗಿ ಭುಜ ಹಿಡಿದು ಎಬ್ಬಿಸುವ ಹೊತ್ತಿಗೆ ಅತ್ತಿಯ ಹಣೆ ತಣ್ಣಗಾಗಿತ್ತು.

ಆ ಮನೆಯ ಜಾಗದಲ್ಲಿ ಈಗ ಗಾಜಿನ ಬಾಗಿಲ ಅಂಗಡಿಗಳು ಎದ್ದಿವೆ. ನಾನು ಆ ಓಣಿಯ ಕಡೆ ಹೋಗುವುದಿಲ್ಲ. ವರ್ಷಕ್ಕೊಮ್ಮೆ, ಭಾದ್ರಪದದ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ, ನಾವು ಒಬ್ಬರಿಗೊಬ್ಬರು ಫೋನು ಮಾಡಿ ಕ್ಷಮೆ ಕೇಳುವ ರೂಢಿಯಿದೆ. ಮೊದಲ ಫೋನು ಯಾವಾಗಲೂ ಶಶಿಯದೇ. "ಉತ್ತಮ ಕ್ಷಮಾ, ಮಾಲು. ತಿಳದ ಮಾಡಿದ್ದು, ತಿಳೀಲಾರದ ಮಾಡಿದ್ದು, ಎಲ್ಲಾ ಮಾಫ ಮಾಡು." ಅವಳು ನನಗೆ ಏನೂ ಮಾಡಿಲ್ಲ, ಎಲ್ಲರಿಗೂ ಹೀಗೆ ಫೋನು ಮಾಡುತ್ತಾಳೆಂದು, ಬೇರೆಯವರು ತಾವಾಗಿ ಅವಳಿಗೆ ಮಾಡುವಷ್ಟು ಹೊತ್ತನ್ನೂ ಬಿಡುವುದಿಲ್ಲವೆಂದು ನನಗೆ ಗೊತ್ತು. ಆಮೇಲೆ ಮಂಡಿನೋವಿನ ಮಾತು, ಮಳೆಯ ಮಾತು. ಇಡುವ ಮೊದಲು ಪ್ರತಿ ವರ್ಷ, ಆಗಷ್ಟೇ ನೆನಪಾದವಳಂತೆ, "ಹಾಂ, ಮಾಲು, ಏನರ ನೆನಪಾತೇನು? ನಿಂಗೊಬ್ಬಾಕಿಗೆ ಏನರ ಹೇಳಿದ್ಲೇನ ಅಕಿ, ಯಾವಾಗರ?" ಎಂದು ಕೇಳುತ್ತಿದ್ದಳು. "ಇಲ್ಲ ಶಶಿ" ಎನ್ನುತ್ತಿದ್ದೆ. "ಇರ್ಲಿ ಬಿಡು," ಎನ್ನುತ್ತಿದ್ದಳು.

ಈ ವರ್ಷವೂ ಫೋನು ಬಂತು. ಕ್ಷಮೆ ಕೇಳಿದಳು. ಮಂಡಿಯ ಮಾತಾಡಿದಳು. ಅವರೂರಿನ ಹೊಳೆ ಹಿರಣ್ಯಕೇಶಿಗೆ ಈ ಸಲ ನೀರು ಬಹಳ ಬಂದಿತ್ತು, ಘಾಟಿನ ಮೆಟ್ಟಿಲೆಲ್ಲ ಮುಳುಗಿದ್ದವು ಎಂದಳು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತಿದ್ದೆ. "ಇಡ್ಲ್ಯಾ ಹಂಗಾರ?" ಎಂದಳು. ಇಟ್ಟಳು. ಆ ಒಂದು ಮಾತು ಕೇಳಲಿಲ್ಲ.

ಆಮೇಲೆ ಬಹಳ ದಿನ ನಾನು ಯಾವ ಕೆಲಸ ಹಿಡಿದರೂ ಅದು ಅರ್ಧಕ್ಕೆ ನಿಲ್ಲುತ್ತಿತ್ತು. ಇವತ್ತು ಚಾದರವನ್ನು ನೆನೆಹಾಕಿದೆ. ಇಟ್ಟುಕೊಂಡರೂ ಎಷ್ಟು ದಿನ ಇದ್ದೀತು ವಾಸನೆ. ನೀರಿಗೆ ಬಿದ್ದ ಕೂಡಲೇ ಗಂಜಿಯೆಲ್ಲ ಒಮ್ಮೆಲೇ ಬಿಟ್ಟುಕೊಂಡು, ಬಚ್ಚಲಿನ ತುಂಬ ಇಚಲಕರಂಜಿಯೇ ಎದ್ದು ನಿಂತಿತು, ಮಗ್ಗ, ಕತ್ತಲು, ರಾಟೆ, ಎಲ್ಲ. ಕೈಯನ್ನು ಹಾಗೇ ನೀರಲ್ಲಿ ಇಟ್ಟುಕೊಂಡು ಕೂತೆ. ನೀರು ಮೊದಲು ಹಾಲಿನ ಹಾಗಾಯಿತು, ಆಮೇಲೆ ತಿಳಿಯಾಗುತ್ತ ಬಂತು. ಎರಡನೆಯ ನೀರಿಗೆ ಹಾಕುವಾಗ ಅದು ಬರೀ ಬಟ್ಟೆಯಾಗಿತ್ತು.